ಪಾವಿನ ಗಾಡಿಯ ಎಡಗಡೆಯ ದೀಪ

ಅವತ್ತು ಮೊದಲು ಬಾಯಿ ಬಿಟ್ಟವರು ಮಿಸ್ತ್ರಿಯೋ ನಾನೋ, ಈಗ ಹೇಳಲಾರೆ. ಎಂಟು ವರ್ಷಗಳಲ್ಲಿ ಈ ಸಂಗತಿಯನ್ನು ಕನಿಷ್ಠ ಮೂವರಿಗೆ ಹೇಳಿದ್ದೇನೆ, ಮೂರು ಸಲವೂ ಬೇರೆ ಬೇರೆಯಾಗಿ. ಒಂದರಲ್ಲಿ ನಮ್ಮ ರಿಸಾರ್ಟಿನ ಮಾಲೀಕರು ಕೇಳುವ ಮೊದಲೇ ಮಿಸ್ತ್ರಿ "ನಂದ ಕೆಲಸ್ರಿ ಇದು" ಎಂದು ತಪ್ಪನ್ನು ಮೈಮೇಲೆ ಹಾಕಿಕೊಳ್ಳುತ್ತಾರೆ. ಇನ್ನೊಂದರಲ್ಲಿ ನಾನು "ಅವರಿಗೂ ವಯಸ್ಸಾಯಿತಲ್ಲ" ಎನ್ನುತ್ತೇನೆ, ಆಮೇಲೆ ಅವರು ಒಪ್ಪಿಕೊಳ್ಳುತ್ತಾರೆ. ಮೂರನೆಯದರಲ್ಲಿ ಇಬ್ಬರೂ ಸುಮ್ಮನೆ ನಿಂತಿರುತ್ತೇವೆ. ಖಚಿತವಾಗಿ ಗೊತ್ತಿರುವುದು ಇಷ್ಟು: ಬ್ರೇಕ್ ಒತ್ತಿದಾಗ ಗಾಡಿಯ ಬಲಗಡೆಯ ದೀಪ ಹತ್ತಿತು, ಎಡಗಡೆಯದು ಹತ್ತಲಿಲ್ಲ. ಅದರಿಂದಾಗಿ, ಅರವತ್ತು ದಾಟಿದ ಒಬ್ಬ ಕೆಲಸಗಾರನಿಗೆ ಸಿಗಬೇಕಿದ್ದ ನೆಲೆ ತಪ್ಪಿಹೋಯಿತು.

ಅವರು ಹೋದ ತಿಂಗಳು ತೀರಿಕೊಂಡರು. ದಾಂಡೇಲಿಯ ಪಂಕ್ಚರ್ ಅಂಗಡಿಯವನೊಬ್ಬ ಬೇರೆ ಯಾವುದಕ್ಕೋ ಫೋನ್ ಮಾಡಿದವನು, ಇಡುವ ಮುಂಚೆ "ಅಂದಂಗ ಮಿಸ್ತ್ರಿ ಹ್ವಾದ್ರಲ್ರಿ" ಎಂದ. ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬರೆಯಲೇ ಎಂದು ಕೇಳುವ ಕಾಲ ಮೀರಿದೆ. ಊರಿಗೆಲ್ಲ ಅವರು ಮಿಸ್ತ್ರಿ, ಅಷ್ಟೇ ಸಾಕು.

ದಾಂಡೇಲಿ ಪಕ್ಕದ ಅಂಬೇವಾಡಿಯ ರಸ್ತೆ ಬದಿಯಲ್ಲಿ ಅವರದೊಂದು ತಗಡಿನ ಶೆಡ್ಡಿತ್ತು. ವಾಹನಗಳ ವೈರಿಂಗ್ ಬಿಟ್ಟರೆ ಬೇರೆ ಕೆಲಸ ಮುಟ್ಟುತ್ತಿರಲಿಲ್ಲ. ಎಂಜಿನ್ ಬಗ್ಗೆ ಕೇಳಿದರೆ "ಅದು ಎಣ್ಣಿ ಮಂದಿ ಕೆಲಸ್ರಿ" ಎಂದು ಎದುರಿನ ಗ್ಯಾರೇಜಿನ ಕಡೆ ಕೈ ತೋರುತ್ತಿದ್ದರು. ಹಳಿಯಾಳ ತಾಲೂಕಿನ ಕಾಡಂಚಿನ ಊರಿನ ಸಿದ್ದಿ ಮನೆತನದವರು. ಹುಡುಗನಾಗಿದ್ದಾಗ ಬಿದಿರು ಹೊರುವ ಲಾರಿಗಳ ಗ್ಯಾರೇಜು ಸೇರಿ, ಅಲ್ಲೇ ಕೆಲಸ ಕಲಿತವರು. ಮನೆಯಲ್ಲಿ ಕೊಂಕಣಿ, ಗಿರಾಕಿಗಳ ಜೊತೆ ಕನ್ನಡ, ಬ್ಯಾಟರಿಯನ್ನು ಬೈಯುವಾಗ ಮಾತ್ರ ಹಿಂದಿ. ಭಾನುವಾರ ಬೆಳಗಿನ ಮೊದಲ ಬಸ್ಸಿಗೆ ಊರಿಗೆ ಹೋಗಿ, ಚರ್ಚು ಮುಗಿಸಿ, ಮನೆಯಲ್ಲಿ ಉಂಡು, ಸೋಮವಾರ ಬರುವರು. ಆ ಒಂದು ದಿನ ಕಲೆಕ್ಟರರ ಕಾರು ನಿಂತರೂ ಶೆಡ್ಡು ತೆರೆಯದು ಎಂದು ಜನ ತಮಾಷೆ ಮಾಡುತ್ತಿದ್ದರು.

ನಾನು ಆಗ ಜೋಯಿಡಾ ರಸ್ತೆಯ ಒಂದು ರಿಸಾರ್ಟಿನಲ್ಲಿ ಮ್ಯಾನೇಜರಾಗಿದ್ದೆ. ಧಾರವಾಡದಲ್ಲಿ ಭೌತಶಾಸ್ತ್ರ ಎಂ.ಎಸ್ಸಿ. ಮಾಡಿ, ಎರಡು ಕಾಲೇಜು ಬಿಟ್ಟು, ಒಂದು ಪತ್ರಿಕೆ ಬಿಟ್ಟು, ಕಾಡಿನಲ್ಲಾದರೂ ಮನಸ್ಸು ನಿಂತೀತೆಂದು ಅಲ್ಲಿಗೆ ಬಂದವನು. ನಮ್ಮ ಮಾಲೀಕರು ಬೆಳಗಾವಿಯವರು, ಹಳೆಯ ವಸ್ತುಗಳ ಹುಚ್ಚಿದ್ದವರು. ಹಳಿಯಾಳದಲ್ಲಿ ಎಲ್ಲೋ ಹಾಳು ಬಿದ್ದಿದ್ದ ಒಂದು ಮುಚ್ಚಿದ ವ್ಯಾನನ್ನು ಹಿಡಿದು ತಂದಿದ್ದರು. ಹಿಂದೆ ಕಿಟಕಿಯಿಲ್ಲ, ಎರಡು ಬಾಗಿಲು, ಮರದ ಚೌಕಟ್ಟಿನ ಮೇಲೆ ತಗಡು ಹೊದಿಸಿದ ಬಾಡಿ. ಒಂದು ಕಾಲಕ್ಕೆ ಬೇಕರಿಯಿಂದ ಕ್ಯಾಸಲ್‌ರಾಕ್‌ವರೆಗೆ ಪಾವು ಬ್ರೆಡ್ಡು, ಖಾರಿ ಬಿಸ್ಕತ್ತು ಹೊತ್ತು ತಿರುಗಿದ ಗಾಡಿಯಂತೆ. ದಾಂಡೇಲಿಯ ಹಳಬರು ಅದನ್ನು ಕಂಡ ಕೂಡಲೇ "ಅಯ್ಯ, ಪಾವಿನ ಗಾಡಿ!" ಎಂದು ಗುರುತು ಹಿಡಿದರು. ಎಂಜಿನ್ ರಿಪೇರಿಯಾಗಿತ್ತು. ದೀಪಗಳ ವೈರಿಂಗ್ ಪೂರ್ತಿ ಸತ್ತಿತ್ತು. ಬಟ್ಟೆ ಸುತ್ತಿದ ಹಳೆಯ ಕಾಲದ ವೈರು, ಮುಟ್ಟಿದರೆ ಒಳಗಿನ ರಬ್ಬರು ಹುರಿಗಡಲೆ ಸಿಪ್ಪೆಯ ಹಾಗೆ ಉದುರುತ್ತಿತ್ತು. ನಾನೇ ಮಿಸ್ತ್ರಿಯನ್ನು ಕರೆತಂದೆ.

ಅವರು ಬಂದು, ಗಾಡಿಯ ಸುತ್ತ ಒಂದು ಸುತ್ತು ಹಾಕಿ, ಒಳಗೆ ಹತ್ತಿ ಗೋಡೆಗೆ ಹೊಡೆದ ಪ್ಲೈವುಡ್ಡನ್ನು ಬೆರಳ ಗೆಣ್ಣಿನಿಂದ ಕುಟ್ಟಿ ನೋಡಿದರು.

"ಎಷ್ಟು ದಿನ ಬೇಕು ಮಿಸ್ತ್ರಿ?"

"ಎಂಟ ದಿವಸ."

"ಅಷ್ಟೊಂದಾ? ಎಲ್ಲಾ ಹಳೇ ವೈರು ಕಿತ್ತು ಒಗೆದು ಹೊಸದು ಎಳೆದರಾಯಿತಲ್ಲ?"

"ಕಿತ್ತ ಒಗದ್ರ ದಾರಿ ಯಾರ ತೋರಸ್ತಾರ್ರಿ ಸರ, ನೀವು ತೋರಸ್ತೀರೇನು?"

ಅವರ ಪದ್ಧತಿ ಹೀಗಿತ್ತು. ಹಳೆಯ ವೈರಿನ ತುದಿಗೆ ಹೊಸ ವೈರಿನ ತುದಿಯನ್ನು ದಾರದಿಂದ ಬಿಗಿಯುವುದು. ಆ ಕಡೆಯಿಂದ ಹಳೆಯದನ್ನು ಮೆಲ್ಲಗೆ ಎಳೆಯುವುದು. ಹಳೆಯದು ಹೊರಗೆ ಬರುತ್ತ ಬರುತ್ತ ಹೊಸದನ್ನು ತಾನು ಬಂದ ದಾರಿಯಲ್ಲೇ ಬಾಡಿಯ ಕಂಬದೊಳಗಿಂದ, ಚಾವಣಿಯ ಅಂಚಿನಿಂದ ತಂದು ಬಿಡುತ್ತದೆ. ಒಂದು ತೆಗೆದರೆ ಒಂದು ಹಾಕಬೇಕು. ಆ ದೀಪ ಹತ್ತಿದ ಮೇಲೆಯೇ ಮುಂದಿನದು. ಎಳೆಯುವಾಗ ಕಣ್ಣು ಮುಚ್ಚಿಕೊಳ್ಳುತ್ತಿದ್ದರು. ಎಲ್ಲಿ ಸಿಕ್ಕಿಕೊಂಡಿದೆ ಎಂಬುದು ಬೆರಳಿಗೆ ಗೊತ್ತಾಗುತ್ತಿತ್ತೇನೋ. ನಾನು ಒಮ್ಮೆ ಎಳೆಯಲು ಹೋದಾಗ ದಾರ ಕಡಿದು ಹೊಸ ವೈರು ಕಂಬದೊಳಗೇ ಉಳಿಯಿತು. ಅವರು ಅರ್ಧ ದಿನ ಅದನ್ನು ಹುಡುಕಿದರು. ಮರುದಿನ ನಾನು ಹತ್ತಿರ ಬಂದಾಗ ಮಾತ್ರ "ಸರ, ಚಾ ಹೇಳ್ತೀರೇನು?" ಎಂದು ನನ್ನನ್ನು ಅಡುಗೆಮನೆಯ ಕಡೆ ಅಟ್ಟಿದರು.

ನಾನು ಹುಬ್ಬಳ್ಳಿಯಿಂದ ಒಂದು ಡಿಜಿಟಲ್ ಮೀಟರ್ ತಂದುಕೊಟ್ಟಿದ್ದೆ. ಅದನ್ನು ಅವರು ಪೆಟ್ಟಿಗೆಯಿಂದ ಹೊರಗೆ ತೆಗೆಯಲೇ ಇಲ್ಲ. ಅವರ ಬಳಿ ಒಂದು ಹಳೆಯ ಬಲ್ಬು, ಅದಕ್ಕೆ ಎರಡು ವೈರು, ಅಷ್ಟೇ. ಎಲ್ಲ ಪರೀಕ್ಷೆಯೂ ಅದರಿಂದಲೇ. ನಾನು ವಾದಕ್ಕಿಳಿದೆ. ಅವರು ಒಂದು ಹಳೆಯ ವೈರನ್ನು ತೆಗೆದು, ಅದರ ಎಳೆಗಳನ್ನೆಲ್ಲ ಕತ್ತರಿಸಿ ಒಂದೇ ಒಂದು ಕೂದಲಿನಂಥ ಎಳೆ ಉಳಿಸಿ, ಒಂದು ತುದಿಯನ್ನು ಬ್ಯಾಟರಿಗೆ ಕಟ್ಟಿ, ಇನ್ನೊಂದನ್ನು ನನ್ನ ಕೈಗೆ ಕೊಟ್ಟರು. ಮೀಟರ್ ಹಿಡಿದೆ. ಬ್ಯಾಟರಿಯ ಪೂರ್ತಿ ವೋಲ್ಟು ತೋರಿಸಿತು. ಅವರು ತಮ್ಮ ಬಲ್ಬು ಹಿಡಿದರು. ಅದು ಒಂದು ಗಳಿಗೆ ಕೆಂಪಗಾಗಿ ಆರಿತು, ಎಳೆ ಸುಟ್ಟುಹೋಗಿತ್ತು.

"ನಿಮ್ಮ ಮೀಟರ್ ಕರೆಂಟ್ ಐತೇನ ಅಂತ ಕೇಳ್ತೈತಿ. ನನ್ನ ಬಲ್ಬ್ ಕೆಲಸ ಮಾಡ್ತೀಯೇನ ಅಂತ ಕೇಳ್ತೈತಿ," ಎಂದರು.

ಇದನ್ನೇ ನಾನು ಎರಡು ವರ್ಷ ಪುಸ್ತಕದಲ್ಲಿ ಬೇರೆ ಮಾತಿನಲ್ಲಿ ಓದಿದ್ದೆ, ಹುಡುಗರಿಗೆ ಪಾಠವನ್ನೂ ಮಾಡಿದ್ದೆ. ಅವರ ಎದುರು ಆ ಮಾತು ನೆನಪಾಗಲಿಲ್ಲ.

ಇನ್ನೊಂದು ಸಲ, ಪ್ರತಿ ದೀಪಕ್ಕೂ ಎರಡೆರಡು ವೈರು ಯಾಕೆ, ಒಂದು ಸಾಕು, ಇನ್ನೊಂದು ಕೆಲಸ ಗಾಡಿಯ ತಗಡೇ ಮಾಡುತ್ತದೆ ಎಂದೆ. "ಜೀಪಿನ್ಯಾಗ ಮಾಡ್ತೈತ್ರಿ. ಇದು ಕಟಗಿ ಗಾಡಿ. ಕರೆಂಟ್ ಹೋಗಾಕೊಂದು, ತಿರುಗಿ ಬರಾಕೊಂದು. ಇಲ್ಲಂದ್ರ ಹ್ವಾದಾಂವ ಹ್ವಾದ," ಎಂದರು. ಆಮೇಲೆ ನನ್ನ ಮುಖ ನೋಡಿ, "ತಪ್ಪ ತಿಳೀಬ್ಯಾಡ್ರಿ. ನೀವು ಓದಿದ್ದು ಹೊಸಾ ಗಾಡಿದು," ಎಂದು ಸಮಾಧಾನ ಮಾಡಿದರು.

ರಿಸಾರ್ಟಿನಲ್ಲಿ ಶನಿವಾರ ಅತಿಥಿಗಳಿಗೆಂದು ಸಿದ್ದಿ ಕುಣಿತದ ತಂಡವನ್ನು ಕರೆಸುತ್ತಿದ್ದೆವು. ಒಮ್ಮೆ ಮಾಲೀಕರು, ಮಿಸ್ತ್ರಿ ಗಾಡಿಯಡಿ ಮಲಗಿದ್ದಾಗ ಬಗ್ಗಿ, "ಏನ ಮಿಸ್ತ್ರಿ, ನೀವೂ ಡಾನ್ಸ್ ಮಾಡ್ತೀರೇನು?" ಎಂದು ಕೇಳಿದರು. ಕೆಳಗಿನಿಂದ ಉತ್ತರ ಬಂತು: "ಮಾಡ್ತೇನ್ರಿ. ನೀವು ಕೆಳಗ ಬಂದು ಲೈಟ್ ಕೂಡಸ್ತಿದ್ರ ಈಗ ಹೊಂಟೆ." ಮಾಲೀಕರು ಜೋರಾಗಿ ನಕ್ಕರು. ಆ ನಗುವಿನಲ್ಲೇ ಅವರು ನನಗೆ ಹೇಳಿದ್ದು: ಈ ಗಾಡಿ ಸರಿಯಾದರೆ ನಮ್ಮ ಎಂಟು ಜೀಪುಗಳ ಕೆಲಸವೂ ಇವರಿಗೇ, ಗೇಟಿನ ಪಕ್ಕ ಒಂದು ಶೆಡ್ಡು ಕಟ್ಟಿಸಿ ಕೂರಿಸೋಣ.

ಆ ಮಾತು ಮಿಸ್ತ್ರಿಗೆ ಎಷ್ಟು ದೊಡ್ಡದೆಂದು ನನಗೆ ಗೊತ್ತಿತ್ತು. ರಸ್ತೆ ಅಗಲ ಮಾಡುವವರು ಬಂದು ಅವರ ತಗಡಿನ ಶೆಡ್ಡಿಗೆ ಕೆಂಪು ಬಣ್ಣದ ಗುರುತು ಹಾಕಿ ಹೋಗಿದ್ದರು. ಕೈ ಸಣ್ಣಗೆ ನಡುಗಲು ಶುರುವಾಗಿತ್ತು. ಹೊಸ ಕಾರುಗಳವರು ಅವರ ಹತ್ತಿರ ಬರುತ್ತಿರಲಿಲ್ಲ. ಹಳೆಯ ಜೀಪುಗಳು, ನೆರಳಿರುವ ಒಂದು ಜಾಗ: ಅವರಿಗೆ ಉಳಿದಿದ್ದ ದಾರಿ ಅದೊಂದೇ. ಮಾಲೀಕರ ಮಾತನ್ನು ತಿಳಿಸಿದಾಗ ಅವರು ಕೈಯಲ್ಲಿದ್ದ ಜಾಯಿಂಟಿಗೆ ಟೇಪು ಸುತ್ತಿ ಮುಗಿಸಿದರು. ಕೊನೆಗೆ ಕೇಳಿದ್ದು ಒಂದೇ: "ಆ ಶೆಡ್ಡು ಮೂಡಣಕ್ಕ ಮುಖ ಮಾಡಿ ಕಟ್ಟಬಹುದೇನ್ರಿ? ಮುಂಜಾನಿ ಬೆಳಕಿನ್ಯಾಗ ನನ್ನ ಕಣ್ಣು ಬೇಷ್ ಐತಿ."

ಕೆಲಸದ ಏಳನೆಯ ದಿನ, ಶನಿವಾರ, ಎಲ್ಲ ದೀಪವೂ ಹತ್ತಿದವು. ಹಗಲು ಬಿಸಿಲಿನಲ್ಲಿ ಬೆಳಕು ಕಾಣದೆಂದು ಅವರು ಒಂದೊಂದು ದೀಪದ ಗಾಜಿಗೂ ಅಂಗೈ ಒತ್ತಿ, ಬಿಸಿ ನೋಡಿ, ತಲೆಯಾಡಿಸುತ್ತ ಗಾಡಿಯ ಸುತ್ತ ಬಂದರು. ಬ್ರೇಕ್ ದೀಪಕ್ಕೆ ಮಾತ್ರ ಇಬ್ಬರು ಬೇಕು. ಒತ್ತಲು ಒಬ್ಬ, ಹಿಂದೆ ನಿಂತು ನೋಡಲು ಒಬ್ಬ. ನಾನು ಸೀಟಿನಲ್ಲಿ ಕೂತೆ. "ಒತ್ರಿ... ಬಿಡ್ರಿ... ಒತ್ರಿ..." ಎಂದು ಅವರು ಹಿಂದಿನಿಂದ ಕೂಗಿದರು. ಎರಡೂ ಹತ್ತಿದವು. ಇದು ಸರಿಯಾಗಿ ನೆನಪಿದೆ.

ಸಂಜೆ ಹೊರಡುವಾಗ ಹೇಳಿದರು: "ಒಳಗಿನ ಪ್ಲೈವುಡ್ ಈಗ ಹೊಡೀಬ್ಯಾಡ್ರಿ ಸರ. ಎರಡ ದಿವಸ ಗಾಡಿ ಬಿಚ್ಚಿದ್ದು ಬಿಚ್ಚಿದಂಗ ಓಡ್ಲಿ. ಎಲ್ಲಿ ತಿಕ್ಕತೈತಿ, ಎಲ್ಲಿ ಜಗ್ಗತೈತಿ ಗೊತ್ತಾಗ್ತೈತಿ. ಆಮ್ಯಾಲ ನಾನ ಬಂದ ಮುಚ್ಚತೇನಿ." ಇದು ಅವರ ನಿಯಮ. ಯಾರ ಗಾಡಿಯಾದರೂ ಸರಿ, ಎರಡು ದಿನ ತೆರೆದಿಟ್ಟು ಓಡಿಸದೆ ಮುಚ್ಚುತ್ತಿರಲಿಲ್ಲ.

ಆ ರಾತ್ರಿ ಮಾಲೀಕರ ಫೋನ್ ಬಂತು. ಬುಧವಾರ ಬರಬೇಕಿದ್ದವರು ಸೋಮವಾರವೇ ಬರುತ್ತಾರೆ, ಜೊತೆಗೆ ಇಬ್ಬರು ಸ್ನೇಹಿತರು. ಹಾಗಾಗಿ ಸೋಮವಾರದ ಹೊತ್ತಿಗೆ ಪ್ಲೈವುಡ್ಡು ಗೋಡೆಗೆ ಹೊಡೆದಾಗಿತ್ತು, ಹೊಸ ಸ್ಕ್ರೂಗಳಿಂದ, ಅಂದವಾಗಿ.

ಹೊಡೆದವರು ಯಾರು?

ಇಲ್ಲಿಯೇ ನನಗೆ ನನ್ನ ಮೇಲೆ ನಂಬಿಕೆ ಹೋಗುವುದು. ನಾನು ಈ ಕಥೆ ಹೇಳಿದಾಗಲೆಲ್ಲ ಮಿಸ್ತ್ರಿಯೇ ಹೊಡೆದರು, ನಾನು ಅವಸರ ಮಾಡಿದ್ದರಿಂದ ಹೊಡೆದರು ಎಂದು ಹೇಳಿದ್ದೇನೆ. ಸ್ಕ್ರೂಡ್ರೈವರ್ ಹಿಡಿದ ಅವರ ಕೈ, ಹೆಬ್ಬೆರಳಿನ ಮೇಲಿನ ಸುಟ್ಟ ಕಲೆ ಸಮೇತ, ಕಣ್ಣಿಗೆ ಕಟ್ಟಿದಂತಿದೆ. ಆದರೆ ನಡುವೆ ಇದ್ದದ್ದು ಭಾನುವಾರ. ಭಾನುವಾರ ಅವರು ಊರಿನಲ್ಲಿರುತ್ತಿದ್ದರು. ಮುಚ್ಚಿದ ಮೇಲೆ ಅವರು ಇನ್ನೊಮ್ಮೆ "ಒತ್ರಿ, ಬಿಡ್ರಿ" ಎನ್ನದೆ ಇರುತ್ತಿರಲಿಲ್ಲ. ಆ ಕೂಗು ನನ್ನ ನೆನಪಿನಲ್ಲಿ ಎರಡನೆಯ ಸಲ ಇಲ್ಲ. ಒಬ್ಬನೇ ಇದ್ದವನು ಬ್ರೇಕ್ ದೀಪವನ್ನು ಪರೀಕ್ಷಿಸಲಾರ.

ಸೋಮವಾರ ಬೆಳಿಗ್ಗೆ ಅಂಗಳದಲ್ಲಿ ಎಲ್ಲರೂ ನಿಂತಿದ್ದೆವು. ಮಿಸ್ತ್ರಿ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ನೇರವಾಗಿ ಬಸ್ ಸ್ಟ್ಯಾಂಡಿನಿಂದ ಬಂದಿದ್ದರು. ಗಾಡಿಯ ಒಳಗೆ ಇಣುಕಿದರು, ನನ್ನ ಕಡೆ ತಿರುಗಿದರು. ಏನೋ ಹೇಳಲು ಹೊರಟರು ಅನ್ನಿಸುತ್ತದೆ, ಅಷ್ಟರಲ್ಲಿ ಮಾಲೀಕರು ಸೀಟಿನಲ್ಲಿ ಕೂತಾಗಿತ್ತು. ಮುಂದಿನ ದೀಪ, ಪಕ್ಕದ ದೀಪ ಎಲ್ಲ ಹತ್ತಿದವು, ಸ್ನೇಹಿತರು ಚಪ್ಪಾಳೆ ತಟ್ಟಿದರು. ಬ್ರೇಕ್ ಒತ್ತಿದಾಗ ಹಿಂದೆ ನಿಂತ ಸ್ನೇಹಿತರೊಬ್ಬರು "ಒಂದೇ ಹತ್ತೇತಲ್ಲೋ!" ಎಂದು ಕೂಗಿದರು.

ಮಾಲೀಕರು ಇಳಿದು ಬಂದರು. ಯಾರು ಮೊದಲು ಮಾತಾಡಿದರು ಎಂದು ಗೊತ್ತಿಲ್ಲದ ಆ ಗಳಿಗೆ ಇದೇ. ಅದು ದಾಟಿದ ಮೇಲಿನದು ನೆನಪಿದೆ.

"ಐದ ಮಿನಿಟ್ ಕೊಡ್ರಿ ಸಾಹೇಬ್ರ. ಬಿಚ್ಚಿ ನೋಡತೇನಿ," ಎಂದರು ಮಿಸ್ತ್ರಿ.

"ಐದು ಮಿನಿಟು ಇಲ್ಲೆ ಕೊಡಬಹುದು ಮಿಸ್ತ್ರಿ. ನಾಳೆ ಘಾಟಿನ್ಯಾಗ ಗೆಸ್ಟ್ ಕೂತಾಗ ಯಾರ ಕೊಡ್ತಾರ?" ಮಾಲೀಕರ ಧ್ವನಿಯಲ್ಲಿ ಸಿಟ್ಟೂ ಇರಲಿಲ್ಲ. "ಬಿಡ್ರಿ. ನೀವು ಭಾಳ ದಣದೀರಿ."

ಮಿಸ್ತ್ರಿ ನನ್ನನ್ನು ನೋಡಿದರು. ನಾನು ಗಾಡಿಯನ್ನು ನೋಡುತ್ತಿದ್ದೆ. ಅವರು ತಮ್ಮ ಬಲ್ಬಿಗೆ ಅದರ ವೈರುಗಳನ್ನು ನೀಟಾಗಿ ಸುತ್ತಿ, ಚೀಲದಲ್ಲಿಟ್ಟು, "ಬರ್ತೇನ್ರಿ" ಎಂದು ನಡೆದು ಹೋದರು.

ಎಂಟು ಜೀಪುಗಳ ಕೆಲಸ ಬೆಳಗಾವಿಯ ಒಂದು ವೈರಿಂಗ್ ಅಂಗಡಿಗೆ ಹೋಯಿತು. ಪಾವಿನ ಗಾಡಿಯನ್ನು ಓಡಿಸುವ ಹುಚ್ಚೂ ಮಾಲೀಕರಿಗೆ ಇಳಿಯಿತು. ಅದನ್ನು ಅಂಗಳದ ಮೂಲೆಯಲ್ಲಿ ನಿಲ್ಲಿಸಿ, ಚಹಾ ಕೊಡುವ ಕೌಂಟರ್ ಮಾಡಿದರು. ಅಂಬೇವಾಡಿಯ ಶೆಡ್ಡು ಮಳೆಗಾಲಕ್ಕೆ ಮುಂಚೆ ನೆಲಸಮವಾಯಿತು. ಮಿಸ್ತ್ರಿ ಕೈಚೀಲದಲ್ಲಿ ಸಾಮಾನು ಹಿಡಿದು ಹಳಿಯಾಳದ ಸಂತೆ ದಿನ ಟ್ರ್ಯಾಕ್ಟರುಗಳು ನಿಲ್ಲುವ ಕಡೆ ನಿಲ್ಲುತ್ತಿದ್ದರಂತೆ. ಆ ವರ್ಷದ ಕೊನೆಗೆ ನಾನೂ ರಿಸಾರ್ಟು ಬಿಟ್ಟೆ.

ಆಮೇಲೆ ಎರಡು ಸಲ ಸಿಕ್ಕಿದ್ದರು. ಎರಡೂ ಸಲ ಹಳಿಯಾಳದ ಬಸ್ ಸ್ಟ್ಯಾಂಡಿನಲ್ಲಿ, ಎರಡೂ ಸಲ ಅವರೇ ಚಹಾ ಹೇಳಿದರು.

"ಈಗ ಎಲ್ಲಿ ಸರ?"

"ಮುಂಡಗೋಡದಲ್ಲಿ. ಒಂದು ಕಾಲೇಜು."

"ಮುಂದ?"

"ಮುಂದೆ ಅಂದರೆ?"

"ಅಲ್ರಿ, ಅಲ್ಲಿಂದ ಎಲ್ಲಿಗೆ ಅಂತ ಕೇಳಿದೆ," ಎಂದು ನಕ್ಕರು. ಗಾಡಿಯ ಮಾತು ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಅವರ ಮೌನವನ್ನು ನಾನು ನನಗೆ ಬೇಕಾದ ಹಾಗೆ ಓದಿಕೊಂಡೆ. ತಪ್ಪು ಅವರದೇ ಇರಬೇಕು, ಅದಕ್ಕೇ ನಾಚಿಕೆ ಎಂದು. ಮೂವರಿಗೆ ಕಥೆ ಹೇಳಿದ್ದು ಈ ಓದಿನ ಧೈರ್ಯದ ಮೇಲೆಯೇ.

ತೀರಿಕೊಂಡ ಸುದ್ದಿ ಬಂದ ವಾರ ಅವರ ಊರಿಗೆ ಹೋದೆ. ಮಗಳು ಮಾತಾಡಿಸಿದರು. ನಾನು ಯಾರೆಂದು ಹೇಳುತ್ತಲೇ, "ಪಾವಿನ ಗಾಡಿ ಸರ?" ಎಂದರು.

"ಹೌದು. ಅಪ್ಪ ಆ ಗಾಡಿ ವಿಷಯ ಏನಾದರೂ ಹೇಳುತ್ತಿದ್ದರಾ?"

"ಭಾಳ ಹೇಳ್ತಿದ್ದಿಲ್ರಿ. ಒಂದ ಸ್ಕ್ರೂ ಉದ್ದ ಆಗಿತ್ತಂತ. ವೈರಿನ ಮ್ಯಾಲ ಹಾಯ್ದು ಕಡದಿತ್ತಂತ. ಆಮ್ಯಾಲ ಹೋಗಿ ಸರಿ ಮಾಡಿ ಬಂದೆ ಅಂತಿದ್ದ."

"ಸರಿ ಮಾಡಿದ್ರಾ? ಯಾವಾಗ?"

"ಅದೆಲ್ಲ ನನಗೇನ ಗೊತ್ರಿ."

"ಆ ಸ್ಕ್ರೂ ಹಾಕಿದ್ದು ಯಾರು ಅಂತ ಹೇಳಿದ್ರಾ?"

ಆಕೆ ಚಹಾದ ಲೋಟವನ್ನು ನನ್ನ ಕಡೆ ಸರಿಸಿದರು. "ನಾನೂ ಕೇಳೇನ್ರಿ. ಅವಸರದಾಗಿದ್ದಾವ್ರು ಯಾರೋ ಅಂದ. ನೀವು ಚಾ ಕುಡೀರಿ, ಆರತೈತಿ."

ಮಗಳ ಮಾತನ್ನು ನಾನು ಪೂರ್ತಿ ನಂಬಿದೆನೆಂದಲ್ಲ. ಸತ್ತ ತಂದೆಯ ಬಗ್ಗೆ ಯಾರ ನೆನಪಾದರೂ ಸ್ವಲ್ಪ ಬಣ್ಣ ಹಚ್ಚಿಕೊಳ್ಳುತ್ತದೆ. ಯಾರೂ ಓಡಿಸದ ಗಾಡಿಯ ದೀಪವನ್ನು, ಕೆಲಸ ಕೈತಪ್ಪಿದ ಮೇಲೆ, ಬಸ್ಸು ಹತ್ತಿ ಹೋಗಿ ಸರಿಮಾಡುವವರು ಯಾರು? ನನ್ನ ವಿಜ್ಞಾನದ ತರಬೇತಿ ಹಾಗೆ ಕೇಳಿತು. ಅಂಥ ಪ್ರಶ್ನೆಯನ್ನು ಎಂಟು ವರ್ಷ ನನ್ನದೇ ಕಥೆಗೆ ಕೇಳಿರಲಿಲ್ಲ.

ಮರುದಿನ ರಿಸಾರ್ಟಿಗೆ ಹೋದೆ. ಮಾಲೀಕರು ಬದಲಾಗಿದ್ದರು. ಕಾವಲಿನವನು ಮಾತ್ರ ಹಳಬ, ಸನವಳ್ಳಿಯವನು. ಚಹಾ ಕೌಂಟರೂ ನಿಂತುಹೋಗಿ ಗಾಡಿ ಹಾಗೆಯೇ ನಿಂತಿತ್ತು, ಟೈರುಗಳಲ್ಲಿ ಗಾಳಿಯಿರಲಿಲ್ಲ. ಎಡಗಡೆಯ ಪ್ಲೈವುಡ್ಡನ್ನು ಬಿಚ್ಚಿದೆ. ಸ್ಕ್ರೂಗಳೆಲ್ಲ ನನ್ನ ಕಿರುಬೆರಳಿನಷ್ಟು ಉದ್ದ, ಕೆಳಗಿನಿಂದ ಮೂರನೆಯದು ಮಾತ್ರ ಅರ್ಧದಷ್ಟು. ಅದರ ಹಿಂದೆ ಮರದಲ್ಲಿ ಆಳವಾದ ಖಾಲಿ ತೂತು. ತೂತಿನ ಪಕ್ಕಕ್ಕೆ ಸರಿಸಿದ ವೈರು, ಅದರಲ್ಲೊಂದು ಬೆಸುಗೆ ಹಾಕಿದ ಜಾಯಿಂಟು, ಮೇಲೆ ಮೂರು ಸುತ್ತು ಟೇಪು. ಆದರೂ ಇದು ಬೆಳಗಾವಿಯ ಅಂಗಡಿಯ ಹುಡುಗರು ಮಾಡಿದ್ದೂ ಆಗಿರಬಹುದಲ್ಲ.

"ಮಿಸ್ತ್ರಿ ಇಲ್ಲಿಗೆ ಆಮೇಲೆ ಬಂದಿದ್ದರಾ?" ಎಂದು ಕಾವಲಿನವನನ್ನು ಕೇಳಿದೆ.

"ಬಂದಿದ್ರು ಬಿಡ್ರಿ," ಎಂದ. "ಬಂದಿರಲಿಲ್ಲ ಅಲ್ಲವಾ?" ಎಂದು ನಾನು ಕೇಳಿದ್ದರೆ "ಬಂದಿರಲಿಲ್ಲ" ಎನ್ನುತ್ತಿದ್ದನೇನೋ.

ಗೇಟಿನಲ್ಲಿ ಬಂದುಹೋಗುವವರ ಹೆಸರು ಬರೆಸುವ ಪುಸ್ತಕಗಳನ್ನು ಅಲ್ಲಿ ಬಿಸಾಡುವುದಿಲ್ಲ, ಪೊಲೀಸರು ಕೇಳಬಹುದೆಂದು ಕಟ್ಟಿಡುತ್ತಾರೆ. ಉಗ್ರಾಣದಲ್ಲಿ ಅರ್ಧ ದಿನ ಹುಡುಕಿ ಆ ವರ್ಷದ ಕಟ್ಟು ಬಿಚ್ಚಿದೆವು. ಗೆದ್ದಲು ಅಂಚನ್ನು ತಿಂದಿತ್ತು, ಅಕ್ಷರಗಳನ್ನು ಬಿಟ್ಟಿತ್ತು. ಆ ಸೋಮವಾರದ ನಂತರದ ಬುಧವಾರ ಅವರ ಹೆಸರಿದೆ, ಅವರದೇ ಕೈಬರಹ. ಒಳಗೆ ಬಂದದ್ದು ಹತ್ತೂಕಾಲು, ಹೊರಗೆ ಹೋದದ್ದು ಹನ್ನೊಂದೂಮುಕ್ಕಾಲು. ಯಾರನ್ನು ಕಾಣಲು ಎಂಬ ಸಾಲಿನಲ್ಲಿ "ಗಾಡಿ" ಎಂದು ಬರೆದಿದ್ದಾರೆ.

ಆ ಬುಧವಾರ ನಾನು ಅಲ್ಲಿರಲಿಲ್ಲ, ಬೆಳಗಾವಿಗೋ ಧಾರವಾಡಕ್ಕೋ ಹೋಗಿರಬೇಕು, ಇದ್ದಿದ್ದರೆ ಒಂದೂವರೆ ತಾಸು ಅಂಗಳದಲ್ಲಿ ಕೆಲಸ ಮಾಡಿದ ಮನುಷ್ಯ ಕಾಣದೆ ಇರುತ್ತಿದ್ದನೇ ಎಂದುಕೊಂಡೆ. ಕಚೇರಿಯ ಕಪಾಟಿನಿಂದ ಆ ತಿಂಗಳ ಸಿಬ್ಬಂದಿಯ ಹಾಜರಿ ಪುಸ್ತಕ ತೆಗೆಸಿ ನೋಡಿದೆ. ನನ್ನ ಹೆಸರಿನ ಎದುರು ಬುಧವಾರದ ಅಂಕಣದಲ್ಲಿ, ಬೆಳಿಗ್ಗೆ ಒಂದು, ಸಂಜೆ ಒಂದು, ನನ್ನ ಎರಡು ಸಹಿಗಳಿವೆ.